ಗಲ್ಲಿಯ ಎರಡು ಕಂಬ
ಹೈದರಾಬಾದಿನ ನಮ್ಮ ಗಲ್ಲಿಯಲ್ಲೇ ವಾರ್ಡಿನ ಎಂಜಿನಿಯರ್ ಇದ್ದರು, ಕಲಬುರಗಿ ಕಡೆಯವರು. ಮೋರಿ ಉಕ್ಕಿ ಮನೆಯೊಳಗೆ ನೀರು ನುಗ್ಗುತ್ತದೆ ಎಂದು ಯಾರು ಗೋಳಾಡಿದರೂ ಕನ್ನಡಕ ಹಣೆಗೇರಿಸಿ, “ಮುಂದಿನ ಬಜೆಟ್‌ನ್ಯಾಗ ಹಾಕ್ಸೋಣ್ರಿ,” ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ರೇಗುತ್ತಿತ್ತು.

ಒಂದು ವರ್ಷ ಮೋರಿಗೆ ಬಿಡಿಗಾಸೂ ಬರಲಿಲ್ಲ. ಗಲ್ಲಿಯ ಬಾಯಿಗೆ ಅಲಂಕಾರದ ಕಮಾನು ಕಟ್ಟಲು ಮಾತ್ರ ಹಣ ಬಂತು. ಮಾರ್ಚ್ ಮುಗಿದರೆ ಅದೂ ವಾಪಸ್. ಅವರು ಗಲ್ಲಿಯುದ್ದಕ್ಕೂ ಅಗೆಸಿ, ಮೋರಿಗೆ ದೊಡ್ಡ ಪೈಪು ಹಾಕಿಸಿದರು.

“ಇದೇನ್ರಿ ಸಾಹೇಬ್ರ?” ಎಂದೆ.

“ಕಮಾನಿಗೆ ಪಾಯಾ ಬ್ಯಾಡೇನ್ರಿ?”

ಉಳಿದ ಹಣ ಎರಡು ಕಂಬಕ್ಕೇ ಮುಗಿಯಿತು. ಆ ಮಳೆಗಾಲ ನಮ್ಮ ಹೊಸ್ತಿಲು ನೆನೆಯಲಿಲ್ಲ. ಕಮಾನೆಲ್ಲಿ ಎಂದು ಕಾರ್ಪೊರೇಟರ್ ತೆಲುಗಿನಲ್ಲಿ ಕೂಗಾಡಿ ಹೋದ ಮೇಲೆ, ನಮ್ಮತ್ತ ತಿರುಗಿದ ಅವರ ಕನ್ನಡಕ ಹಣೆಗೇರಿತು.

“ಮ್ಯಾಲಿಂದು ಮುಂದಿನ ಬಜೆಟ್‌ನ್ಯಾಗ ಹಾಕ್ಸೋಣ್ರಿ.”