ಕಾಜಾ ಹಾಕುವ ಅಕ್ಕ ಅಧ್ಯಕ್ಷೆಯಾದಾಗ

ಮಾಲೀಕರ ತಿರುಗುವ ಕುರ್ಚಿಯಲ್ಲಿ ಹುಲಿಗೆಮ್ಮಕ್ಕ ಕುಳಿತಿದ್ದಳು. ಕೊರಳಲ್ಲಿ ಟೇಪು, ಬೆರಳಿಗೆಲ್ಲ ಜೀನ್ಸ್ ಬಟ್ಟೆಯ ನೀಲಿ. ಬಳ್ಳಾರಿಯಲ್ಲಿ ನಾವು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಗುಂಡಿಗಳಿಗೆ ಕಾಜಾ ಹಾಕುವವಳು ಅವಳು. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಗೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆಯಾಗಬೇಕು ಎನ್ನುತ್ತದೆ ಕಾನೂನು. ಮೆತ್ತಗಿನ ಹೆಂಗಸು, ಗೋಡೆಯ ಮೇಲಿನ ಸಮಿತಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಎಂದುಕೊಂಡು ಮಾಲೀಕರು ಅವಳ ಹೆಸರು ಬರೆಸಿದ್ದರು.

ದೂರು ಕೊಟ್ಟವಳು ನಾನು. ಹೊಲಿಗೆ ನೋಡುವ ನೆಪದಲ್ಲಿ ಸೂಪರ್‌ವೈಸರ್ ನನ್ನ ಸೊಂಟಕ್ಕೆ ಕೈ ಹಾಕಿದ್ದ. ಕೆಲಸ ಹೋದೀತೆಂದು ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಈಗ ಅವನು ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ.

“ತಮಾಷಿಗೆ ಮಾಡಿದೆ ಅಕ್ಕಾ, ಅಷ್ಟ,” ಎಂದ.

ಹುಲಿಗೆಮ್ಮಕ್ಕ ಕನ್ನಡಕ ಸರಿಮಾಡಿಕೊಂಡು, ಸಮಿತಿಗೆ ಹೊರಗಿನಿಂದ ಬಂದಿದ್ದ ವಕೀಲೆಯ ಕಡೆ ತಿರುಗಿದಳು. “ತಮಾಷಿ ಆಗಿದ್ರ ಈಕಿ ನಗಬೇಕಿತ್ತು. ನಗಲಿಲ್ಲ ಅಂತ ಬರಕೊಳ್ರಿ ಮೇಡಂ.”

ನನಗೆ ಆಗ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ವಕೀಲೆಯ ಪೆನ್ನೂ ಅಲುಗಾಡತೊಡಗಿತು.

“ಈಗಿಂದು ಬರಕೋಬ್ಯಾಡ್ರಿ,” ಎಂದಳು ಹುಲಿಗೆಮ್ಮಕ್ಕ, ಮುಖ ಒಂದಿಷ್ಟೂ ಸಡಿಲಿಸದೆ.

ಆ ಸಂಜೆ ಕುರುಗೋಡಿನ ಬಸ್ಸಿನಲ್ಲಿ ಊರು ಬರುವವರೆಗೂ ಒಬ್ಬಳೇ ನಗುತ್ತಿದ್ದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ವಿಚಾರಣೆ ಮುಗಿದ ಮೇಲೆ ಸಮಿತಿ ಹೇಳಿದಂತೆ ಅವನ ಕೆಲಸ ಹೋಯಿತು, ನನ್ನದು ಉಳಿಯಿತು. ಹುಲಿಗೆಮ್ಮಕ್ಕ ಮತ್ತೆ ಕಾಜಾ ಹಾಕುತ್ತಿದ್ದಾಳೆ. ಹೊಸ ಸೂಪರ್‌ವೈಸರ್ ಮಾತ್ರ ಒಂದು ಮಾರು ದೂರದಲ್ಲೇ ನಿಂತು ಕೈಚಾಚುತ್ತಾನೆ: “ಪ್ಯಾಂಟು ಇತ್ಲಾಗ ಕೊಡ್ರಿ ಅಕ್ಕಾರ, ಹೊಲಿಗಿ ನೋಡಿ ಕೊಡ್ತೀನಿ.”