ಹಸಿರು ಗುರುತಿನ ತಿಥಿ

ಇಂಟರ್ನೆಟ್ಟಿನಲ್ಲಿರುವ ನನ್ನ ಪ್ರೋಗ್ರಾಮಿನ ಪುಟದಲ್ಲಿ ಈಗ ಒಂದು ಕೆಂಪು ಗುರುತು ಇದೆ. ಪಂಚಾಂಗ ನೋಡಿ ನಾನೇ ಇಟ್ಟ ಹೊಸ ಪರೀಕ್ಷೆಯಲ್ಲಿ ಅದು ನಪಾಸಾಗಿದೆ. ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತದೆ. ಆಗಲಿ, ಆಗಬೇಕಾದದ್ದೇ.

ಯಾವ ದಿನ ಯಾವ ತಿಥಿ ಎಂದು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮು ಅದು. ಮಣಿಪಾಲದ ಆಫೀಸಿನ ಕೆಲಸದ ನಡುವೆ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದೆ. ಹಾಗೆ ತೆರೆದಿಟ್ಟದ್ದನ್ನು ಜನ ನಂಬಬೇಕಾದರೆ ತಾನಾಗಿ ನಡೆಯುವ ಪರೀಕ್ಷೆಗಳು ಬೇಕು. ಪಾಸಾದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಯಾವ ಪರೀಕ್ಷೆ ಇಡಬೇಕೆನ್ನುವುದು ಬರೆದವನಿಗೇ ಬಿಟ್ಟದ್ದು. ಕೋಡು ಅಚ್ಚುಕಟ್ಟಾಗಿದೆಯೇ, ಎಲ್ಲ ಕಂಪ್ಯೂಟರುಗಳಲ್ಲೂ ಓಡುತ್ತದೆಯೇ ಎಂದು ನೋಡುವ ಪರೀಕ್ಷೆಗಳನ್ನೆಲ್ಲ ಆರಿಸಿಕೊಂಡೆ. ತಿಥಿ ಸರಿಯೇ ಎಂದು ನೋಡಲು ಮಾತ್ರ, ಪಂಚಾಂಗ ಹಿಡಿದು ಟೈಪ್ ಮಾಡುವುದಕ್ಕೆ ಬೇಜಾರಾಗಿ, ನನ್ನ ಪ್ರೋಗ್ರಾಮು ಕೊಟ್ಟ ಉತ್ತರಗಳನ್ನೇ ಸರಿಯುತ್ತರವೆಂದು ತುಂಬಿಸಿದೆ. ಪಾಸಾಗದೆ ಏನು!

ಪಕ್ಕದ ಮೇಜಿನಲ್ಲಿ ಕಾಪು ಕಡೆಯ, ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಸಹೋದ್ಯೋಗಿಯೊಬ್ಬರಿದ್ದರು. ಬಗ್ಗಿ ನೋಡಿ ಕೇಳಿದರು. “ಎಂತ ಇದು? ನಿಮ್ಮ ಲೆಕ್ಕಕ್ಕೆ ನಿಮ್ಮದೇ ಲೆಕ್ಕ ಸಾಕ್ಷಿಯಾ? ಹೊರಗಿನದ್ದು ಒಂದು ಬೇಡವಾ?”

“ತಿಥಿ ವಿಷಯ ನಿಮಗೆ ಎಂತ ಗೊತ್ತುಂಟು ಮಾರಾಯ್ರೆ!” ಎಂದು ನಕ್ಕುಬಿಟ್ಟೆ. ಥೂ, ಎಂಥ ಸೊಕ್ಕು ನನ್ನದು.

ಕಾರ್ಕಳದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಮಕ್ಕಳಿಲ್ಲ. ನವಮಿಯಂದು ತೀರಿಹೋದ ಚಿಕ್ಕಪ್ಪನ ಶ್ರಾದ್ಧಕ್ಕೆ ವರ್ಷವೂ ಕೂರುವವನು ನಾನೇ. ಈ ಸಲ ಭಟ್ಟರು ದಿನ ನೋಡಿ ಹೇಳುತ್ತೇನೆಂದಾಗ ಚಿಕ್ಕಮ್ಮ, “ನಿಮಗೆ ಯಾಕೆ ಕಷ್ಟ, ನಮ್ಮ ಹುಡುಗನೇ ಕಂಪ್ಯೂಟರಿನಲ್ಲಿ ಪಂಚಾಂಗ ಮಾಡಿದ್ದಾನೆ” ಎಂದು ಬೀಗಿದರಂತೆ. ಭಟ್ಟರೂ ಒಪ್ಪಿಕೊಂಡರು. ನಾನು ಹೇಳಿದ ದಿನವೇ ಗಟ್ಟಿಯಾಯಿತು.

ಆ ದಿನ ಮಡಿಯುಟ್ಟು ಕೂತಿದ್ದೆ. ಸಂಕಲ್ಪದಲ್ಲಿ ತಿಥಿ ಹೇಳಲು ಪಂಚಾಂಗ ಬಿಡಿಸಿದ ಭಟ್ಟರು ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು.

“ನವಮಿ ಇವತ್ತು ಬೆಳಿಗ್ಗೆಯೇ ಮುಗಿಯಿತಲ್ಲ! ಶ್ರಾದ್ಧಕ್ಕೆ ಅಪರಾಹ್ನದ ತಿಥಿ ಅಲ್ವಾ, ಸೂರ್ಯೋದಯದ್ದು ನೋಡಿದರೆ ಆಗುತ್ತದಾ? ಅಪರಾಹ್ನಕ್ಕೆ ನವಮಿ ಇದ್ದದ್ದು ನಿನ್ನೆ, ಇದು ನಿನ್ನೆಯೇ ಆಗಬೇಕಿತ್ತು.”

ನನಗೆ ಗೊತ್ತಿಲ್ಲದ್ದೇ? ಚಿಕ್ಕಂದಿನಿಂದ ಕೇಳಿದ್ದೇ ಅದು. ಆದರೂ ಸೂರ್ಯೋದಯದ ತಿಥಿಯೊಂದನ್ನೇ ಬರೆದು, ಅದನ್ನೇ ಪರೀಕ್ಷಿಸಿ, ನನಗೆ ನಾನೇ ಹಸಿರು ಕೊಟ್ಟುಕೊಂಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಒಳಗೆ ಅಡುಗೆಯೆಲ್ಲ ಆಗಿತ್ತು. “ಇನ್ನು ಅಮಾವಾಸ್ಯೆಗೆ ಮಾಡುವ” ಎಂದು ಭಟ್ಟರು ಚೀಲ ಎತ್ತಿಕೊಂಡು ಹೊರಟರು.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಿಂಬಾಗಿಲಲ್ಲಿ ಕೂತು ಬಾವಿಕಟ್ಟೆಯನ್ನೇ ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ನಿನ್ನೆ ಮಧ್ಯಾಹ್ನ ಅಲ್ಲಿ ಒಂದು ಕಾಗೆ ಕೂತು ಒಂದೇ ಸಮ ಕೂಗುತ್ತಾ ಇತ್ತು” ಎಂದರು. “ನನಗೆ ಎಂತ ಗೊತ್ತು? ‘ಇವತ್ತು ಎಂತದೂ ಇಲ್ಲ, ನಾಳೆ ಬಾ’ ಅಂತ ನೀರು ಎರಚಿ ಓಡಿಸಿದೆ ಮಗಾ.”