ಅರ್ಧಕ್ಕೇ ನಿಲ್ಲುವ ಚಂಡೂಲ

ನಾನು ಎರಡನೇ ಇಯತ್ತೆಗೆ ಬಿಟ್ಟ ಶಾಲೆ ಮುಂಬಯಿಯಲ್ಲಿ ಹಕ್ಕಿಗೂ ಇದೆ. ಆಂಟಾಪ್ ಹಿಲ್ಲಿನ ಚಾಳಿನಲ್ಲಿ ಅದನ್ನು ಕಂಡ ದಿನ ಇಲ್ಲಿಯವರಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಇವರು ಚಂಡೂಲ ಅನ್ನುವುದು ನಮ್ಮ ಎರೆಹೊಲದ ಜುಟ್ಟಿನ ಹಕ್ಕಿಗೇ. ಊರಲ್ಲಿ ಅದು ಹಾಡಿದರೆ ಯಾರೂ ಕತ್ತೆತ್ತುವುದಿಲ್ಲ. ಇಲ್ಲಿ ಪಕ್ಕದ ಖೋಲಿಯ ದರ್ಜಿ ಇಮಾಮ್ ಚಾಚಾ ಅದರ ಮರಿಯ ಪಂಜರಕ್ಕೆ ಬಟ್ಟೆ ಮುಚ್ಚಿ, ಚೆನ್ನಾಗಿ ಹಾಡುವ ಮುದಿ ಹಕ್ಕಿಯ ಪಕ್ಕ ತೂಗುಹಾಕುತ್ತಾರೆ. ಮುದಿ ಹಕ್ಕಿಯೇ ಉಸ್ತಾದ. ಮರಿ ಕೇಳಿ ಕೇಳಿ ಕಲಿಯಬೇಕು. ಚಾಚಾ ನಮ್ಮ ವಿಜಾಪುರ ಕಡೆಯವರೇ.

ನನಗೂ ಆ ಹುಚ್ಚು ಹತ್ತಿ ಹೋದ ವರ್ಷ ಊರಿಂದ ಒಂದೇ ಗೂಡಿನ ಎರಡು ಮರಿ ತಂದೆ. ಬಾಯಿ ತೆರೆದದ್ದಕ್ಕೆ ಮಿಡತೆ ಹಾಕುತ್ತಿದ್ದೆ. ದೊಡ್ಡದು ಎಲ್ಲ ನುಂಗುತ್ತಿತ್ತು. ಸಣ್ಣದು ಸುಮ್ಮನಿರುತ್ತಿತ್ತು, ಒಂದೆರಡು ಹಾಕಿ ಸಾಕು ಅಂತ ಬಿಟ್ಟೆ. ಎರಡು ವಾರ ಕಳೆದು ಚಾಚಾ ಬೈದ ಮೇಲೆ ಅದಕ್ಕೂ ಹೊಟ್ಟೆ ತುಂಬ ಹಾಕಿದೆ. ಮೈ ತುಂಬಿತು. ಉಸ್ತಾದ ಒಬ್ಬನೇ, ಪಾಠ ಒಂದೇ. ಆದರೂ ದೊಡ್ಡದು ಪೂರ್ತಿ ಹಾಡುತ್ತದೆ, ಸಣ್ಣದು ಎರಡು ಸುತ್ತು ಹಾಡಿ ಗಪ್ಪಾಗುತ್ತದೆ. ಮತ್ತೆ ಮೊದಲಿಂದ.

ಈಗ ತಿನ್ನುತ್ತದಲ್ಲ, ಇನ್ನೇನು ಧಾಡಿ ಎಂದು ಕೇಳಿದೆ. ಚಾಚಾ ಹೊಲಿಗೆ ನಿಲ್ಲಿಸಲಿಲ್ಲ.

“ಮೈ ಆಮ್ಯಾಲೂ ಬೆಳೀತೈತಿ, ತಮ್ಮಾ. ತಲಿ ಬೆಳ್ಯೂದು ಮರಿ ಇದ್ದಾಗಷ್ಟ. ಹಾಡು ಇರೂದು ಅಲ್ಲೆ.”

ಮೈ ಉರಿಯಿತು. ಹಕ್ಕಿಯ ಮೇಲಲ್ಲ, ನನ್ನ ಮೇಲೆ. ನನ್ನ ಹೆಂಡತಿ ಶಾಂತವ್ವ ಆಗ ಬಾಂದ್ರಾದ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಐದು ತಿಂಗಳ ಮಗ ಮರಳ ಗುಡ್ಡೆಯ ಪಕ್ಕ, ಗೋಣಿಚೀಲದ ಮೇಲೆ. ಮಧ್ಯಾಹ್ನ ಕೆಲಸ ನಿಲ್ಲುವ ತನಕ ಆಳುಗಳ ಮೇಲಿನ ಮುಕಾದಮ ಹಾಲು ಕುಡಿಸಲು ಬಿಡುತ್ತಿರಲಿಲ್ಲ. ಕೂಸು ಮೊದಮೊದಲು ಅಳುತ್ತಿತ್ತು, ಆಮೇಲೆ ಅಳುವುದನ್ನೇ ಬಿಟ್ಟಿತು. ಶಾಣ್ಯಾ ಕೂಸು ಎಂದು ಹೊಗಳಿದವನು ನಾನೇ.

ಅವತ್ತೇ ಅವಳಿಗೆ ತವರಿಗೆ ಹೋಗು ಅಂದೆ. ಅಲ್ಲಿ ಎಮ್ಮೆ ಇದೆ, ಎತ್ತಿಕೊಳ್ಳಲು ನಾಲ್ಕು ಕೈ ಇವೆ.

“ನಿನಗ ರೊಟ್ಟಿ ಯಾರ್ ಬಡೀತಾರ?” ಅಂದಳು.

“ನಾ ಬೆಳ್ಯೂದು ಮುಗದೈತಿ. ಕೂಸಿನ್ನ ಕರಕೊಂಡು ಹೋಗು.”

ಯುಗಾದಿಗೆ ಅವಳ ತವರಿಗೆ ಹೋದೆ. ಕೂಸು ನನ್ನನ್ನು ಕಂಡು ಓಣಿಗೆಲ್ಲ ಕೇಳುವಂತೆ ಕಿರುಚಿತು. ಆ ಗಂಟಲು ಕೇಳಿ ಜೀವ ಬಂತು, ಆದರೆ ಎತ್ತಿಕೊಳ್ಳಲು ಬಿಡಲಿಲ್ಲ. ಮೂರು ದಿನವೂ ಬಿಡಲಿಲ್ಲ.

ಇಲ್ಲಿ ಪಂಜರ ತೆರೆದರೆ ಸಣ್ಣ ಚಂಡೂಲ ನೆಟ್ಟಗೆ ನನ್ನ ಕೈ ಮೇಲೆ ಬಂದು ಕೂರುತ್ತದೆ. ಎರಡು ಸುತ್ತು ಹಾಡಿ ನಿಲ್ಲುತ್ತದೆ. ಮುಂದಿನದು ಬರುವುದಿಲ್ಲ ಅಂತ ಗೊತ್ತು. ಆದರೂ ಕೈ ಅಲುಗಿಸದೆ ನಿಂತಿರುತ್ತೇನೆ.